ಸೊನ್ನೆಯಿಂದ ಎಣಿಸಿದ್ರಾ?

"ನೀವು ನನ್ನ ಬೋರ್ಡ್ ನೋಡಿದ್ರಿ. ಸುಳ್ಳು ಹೇಳ್ಬೇಡಿ."

ಬಸ್ ಸ್ಟಾಪಿನಲ್ಲಿ ಪೆದ್ದನಂತೆ ನಿಂತಿದ್ದವನ ಎದುರಿಗೆ ಬಂದು ಅವಳು ಅಂದಳು. ಅರ್ಧ ಗಂಟೆ ಹಿಂದಷ್ಟೇ ಅವಳ ಕೈಗೆ ರಿಸಲ್ಟ್ ಶೀಟ್ ಕೊಟ್ಟಿದ್ದವನು ಅವನೇ. ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ, ಎರಡನೇ ಸಲವೂ ಫೇಲ್. ಅವನು ಆ ಪರೀಕ್ಷಾ ಕೇಂದ್ರದ ಮೇಲ್ವಿಚಾರಕ. ಬಂದವರ ಬ್ಯಾಗು ಲಾಕರಿನಲ್ಲಿಡುವುದು, ಲೆಕ್ಕ ಮಾಡಿಕೊಳ್ಳಲು ಪ್ಲಾಸ್ಟಿಕ್ ಬೋರ್ಡು, ಮಾರ್ಕರ್ ಕೊಡುವುದು, ಕೊನೆಗೆ ಆ ಬೋರ್ಡು ಒರೆಸಿಡುವುದು, ಇಷ್ಟೇ ಅವನ ಕೆಲಸ. ಒರೆಸುವ ಮೊದಲು ಓದುವುದು ಕೆಲಸವಲ್ಲ, ಚಟ. ಎಂಟು ವರ್ಷ ಹಾಗೆ ಓದಿ ಓದಿಯೇ ಅರ್ಧ ನೆಟ್‌ವರ್ಕಿಂಗ್ ಕಲಿತುಬಿಟ್ಟಿದ್ದ, ಪುಣ್ಯಾತ್ಮ.

"ನೋಡಿದೆ," ಅಂದ.

"ಹಾಗಾದ್ರೆ ಹೇಳಿ, ಎಲ್ಲಿ ಎಡವ್ತಿದೀನಿ? ಮನೇಲಿ ಕೂತು ಮಾಡಿದ್ರೆ ಸಬ್‌ನೆಟ್ಟಿಂಗ್ ಲೆಕ್ಕ ಎಲ್ಲ ಸರಿ. ಇಲ್ಲಿ ಬಂದ್ರೆ ಒಂದೂ ಸರಿಯಾಗಲ್ಲ."

"ಹೇಳೋ ಹಾಗಿಲ್ಲ. ನಾನು ಒಂದು ಮಾತಾಡಿದ್ರೂ ನಿಮ್ಮ ಪರೀಕ್ಷೆ ರದ್ದಾಗುತ್ತೆ. ಮತ್ತೆ ಯಾವತ್ತೂ ಬರೆಯೋಕೆ ಬಿಡಲ್ಲ."

"ನಿಮ್ಮ ಕೆಲಸನೂ ಹೋಗುತ್ತೆ. ಅದನ್ನ ಮೊದಲು ಹೇಳಿ."

"ಅದೂ ಹೋಗುತ್ತೆ."

ಅವಳು ನಗಲಿಲ್ಲ. ಕೂದಲಲ್ಲಿ ಯಾವುದೋ ಕಟ್ಟಡದ ಸೀಲಿಂಗಿನ ಧೂಳು ಇನ್ನೂ ಇತ್ತು. ಕಣ್ಣು ಮಾತ್ರ ಅವನ ಮುಖವನ್ನು ಬಿಟ್ಟು ಅಲುಗಲಿಲ್ಲ.

"ಒಂಬತ್ತು ವರ್ಷ ಏಣಿ ಹತ್ತಿ ಕೇಬಲ್ ಎಳೆದಿದೀನಿ. ಮಂಡಿ ಸವೆದಿದೆ, ಇನ್ನು ಹತ್ತಬೇಡ ಅಂತ ಡಾಕ್ಟರ್ ಹೇಳ್ಬಿಟ್ರು. ಕಂಟ್ರೋಲ್ ರೂಮಲ್ಲಿ ಒಂದು ಕುರ್ಚಿ ಖಾಲಿ ಇದೆ. ತಿಂಗಳೊಳಗೆ ಪಾಸಾದ್ರೆ ನಂದು. ಇಲ್ಲಾಂದ್ರೆ ಕುರ್ಚಿನೂ ಇಲ್ಲ, ಏಣಿನೂ ಇಲ್ಲ, ಗೊತ್ತಾಯ್ತಾ?"

ಅವನ ಕಿವಿ ಸುಡತೊಡಗಿತು. ಅಷ್ಟರಲ್ಲಿ ಬಸ್ ಬಂತು. ಕಂಬಿ ಹಿಡಿದು, ಎಡಗಾಲನ್ನು ಒಂದು ಕ್ಷಣ ತಡೆದು ಎತ್ತಿಟ್ಟು, ಅವಳು ಹತ್ತಿ ಹೋದಳು. ತಿರುಗಿ ನೋಡಲಿಲ್ಲ.

ಮನೆಯಲ್ಲಿ ಅವನ ಅಕ್ಕ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ತಮ್ಮನ ಮುಖ ನೋಡಿದ್ದೇ ಪೆಡಲ್ ನಿಲ್ಲಿಸಿದಳು.

"ಏನಾಯ್ತೋ? ನಿನ್ನ ಏಣಿ ಹುಡುಗಿ ಮತ್ತೆ ಫೇಲಾ?"

"ನನ್ನ ಏಣಿ ಹುಡುಗಿ ಅಂತೆ!"

"ಒಂದೂವರೆ ತಿಂಗಳಿಂದ ನಮ್ಮನೇಲಿ ಇನ್ಯಾರ ಸುದ್ದಿ ಆಗ್ತಿದೆ ಹೇಳು ನೋಡೋಣ."

ಅವನು ಅಕ್ಕನ ಸೀಮೆಸುಣ್ಣ ತಗೊಂಡು ಉಳಿಕೆ ಬಟ್ಟೆಯ ಮೇಲೆ ಗೀಚಿದ. ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣ ತುಂಡು ಮಾಡುವುದೇ ಸಬ್‌ನೆಟ್ಟಿಂಗ್. ಮೂವತ್ತೆರಡರ ತುಂಡಾದರೆ ಸೊನ್ನೆ, ಮೂವತ್ತೆರಡು, ಅರವತ್ನಾಲ್ಕು, ತೊಂಬತ್ತಾರು ಎಂದು ಸಾಗಬೇಕು. ಎಪ್ಪತ್ತೇಳನೇ ನಂಬರಿನ ಕಂಪ್ಯೂಟರು ಯಾವ ತುಂಡಿನದು ಎಂದರೆ ಅರವತ್ನಾಲ್ಕರದು. ಆದರೆ ಅವಳ ಬೋರ್ಡಿನ ಮೇಲೆ ಎರಡು ಸಲವೂ ಇದ್ದದ್ದು ಒಂದು, ಮೂವತ್ಮೂರು, ಅರವತ್ತೈದು.

"ವಿಧಾನ ಎಲ್ಲ ಸರಿ ಅಕ್ಕ. ಶುರು ಮಾಡೋದೊಂದು ತಪ್ಪು. ಅಲ್ಲಿಂದ ಎಲ್ಲ ಉತ್ತರವೂ ಒಂದೊಂದು ಆಚೆ ಹೋಗುತ್ತೆ."

"ಅಯ್ಯೋ ದೇವರೇ, ಇಷ್ಟೇನಾ? ನನ್ನ ಟೇಪೂ ಸೊನ್ನೆಯಿಂದಲೇ ಶುರು. ಒಂದರಿಂದ ಅಳೆದು ಹೊಲಿದ್ರೆ ಗಿರಾಕಿ ನನ್ನನ್ನೇ ಹೊಲಿದುಹಾಕ್ತಾರೆ. ಹೋಗಿ ಒಂದು ಮಾತು ಹೇಳಿಬಿಡು."

"ಹೇಳಿದ್ರೆ ಆ ಪಾಸ್ ಅವಳದಾಗಲ್ಲ. ಯಾರಾದ್ರೂ ಒಂದು ದೂರು ಕೊಟ್ರೆ ಮುಗೀತು, ಆ ಕುರ್ಚಿಯಿಂದಲೇ ಎಬ್ಬಿಸ್ತಾರೆ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು. ಫೇಲಾದ್ರೆ ಮತ್ತೆ ನಿನ್ನ ಹತ್ರನೇ ಬರ್ತಾಳಲ್ಲ, ನಿಂಗೇನು ನಷ್ಟ?"

ಅಕ್ಕ ಅಂದದ್ದು ತಮಾಷೆಗೆ. ಅವನಿಗೆ ಎದೆಯಲ್ಲಿ ಚುರುಕ್ ಎಂದಿತು. ಅವಳ ಬಸ್ಸು ತಿರುವು ದಾಟುತ್ತಿದ್ದಾಗ ಅದೇ ಯೋಚನೆ ಅವನ ತಲೆಗೂ ಬಂದು ಹೋಗಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗಿ, ಊಟ ಬೇಡವೆಂದು ಎದ್ದು ಹೋದ.

ಮೂರು ವಾರಕ್ಕೆ ಅವಳು ಬಂದಳು. ತಿಳಿನೀಲಿ ಅಂಗಿ, ಬಿಗಿಯಾಗಿ ಕಟ್ಟಿದ ಜಡೆ. ರಿಜಿಸ್ಟರಿನಲ್ಲಿ ಸಹಿ ಹಾಕಿದಳು.

"ಜೇಬಲ್ಲಿ ಏನಿದ್ರೂ ತೆಗೆದಿಡಿ."

"ಹೆದರಿಕೆ ಇದೆ. ಅದನ್ನೂ ಲಾಕರಲ್ಲಿ ಇಡ್ತೀರಾ?"

ಅವನಿಗೆ ನಗು ಬಂತು, ನಗುವ ಹಾಗಿರಲಿಲ್ಲ. ಬೋರ್ಡು ಕೊಟ್ಟ. ಇಸಿದುಕೊಳ್ಳುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಒರಟು ಬೆರಳು, ತುದಿಯಲ್ಲಿ ತಂತಿ ಕುಯ್ದ ಗೆರೆಗಳು. ಇಬ್ಬರೂ ಕೈ ತೆಗೆಯಲು ಅರೆಗಳಿಗೆ ತಡಮಾಡಿದರು. ಆಮೇಲೆ ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು.

ಮೇಜಿನ ಮೇಲಿನ ಕ್ಯಾಮೆರಾ ಪರದೆಯಲ್ಲಿ ಒಳಗಿನ ನಾಲ್ಕೂ ಸೀಟು ಕಾಣುತ್ತಿದ್ದವು. ಎಲ್ಲರನ್ನೂ ನೋಡಬೇಕಾದವನು ಒಂದನ್ನೇ ನೋಡುತ್ತಿದ್ದ. ಇಪ್ಪತ್ತು ನಿಮಿಷ ಅವಳು ಮಾರ್ಕರ್ ಮುಟ್ಟಲಿಲ್ಲ. ಆಮೇಲೆ ಮುಚ್ಚಳ ತೆಗೆದಳು. ಬೋರ್ಡಿನ ಎಡತುದಿಯಲ್ಲಿ ಕೈ ಇಟ್ಟಳು.

ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆದಳು.

ಒಂದು.

ಅವನು ಎದ್ದು ನಿಂತುಬಿಟ್ಟ. ಗಾಜಿನ ಬಾಗಿಲು ಆರು ಹೆಜ್ಜೆ ದೂರ. ಹೋಗಿ ಬಾಗಿಲು ಬಡಿದರೆ? ಸುಮ್ಮನೆ ಕೆಮ್ಮಿದರೆ? ಬೇಡ ಕಣೋ, ಬೇಡ, ಎಂದು ತನಗೆ ತಾನೇ ಹೇಳಿಕೊಂಡು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದ. ಪಾಸಾಗಲಿ, ಇವಳು ಪಾಸಾಗಲಿ, ಇನ್ನು ಈ ಬಾಗಿಲಿಗೆ ಬರದಿದ್ದರೂ ಸರಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಪರದೆಯ ಮೇಲೆ ಅವಳ ಕೈ ನಿಂತಿತ್ತು. ಅವಳು ಆ ಗೆರೆಯನ್ನೇ ನೋಡುತ್ತಿದ್ದಳು. ನಂತರ ಹೆಬ್ಬೆರಳಿನಿಂದ ಅದನ್ನು ಒರೆಸಿ, ಅದೇ ಜಾಗದಲ್ಲಿ ನಿಧಾನವಾಗಿ, ದುಂಡಗೆ, ಒಂದು ಸೊನ್ನೆ ಬರೆದಳು.

ಅವನು ಕುರ್ಚಿಯಲ್ಲಿ ಕುಸಿದ. ಕಣ್ಣು ಮಂಜಾಗಿ ಮುಂದಿನ ಅಂಕೆಗಳು ಕಾಣಲಿಲ್ಲ.

ಪ್ರಿಂಟರಿನಿಂದ ಹಾಳೆ ಬಂದಾಗ ನಿಯಮದಂತೆ ಮಡಿಸಿ ಕೊಟ್ಟ. ಅವಳು ಬಿಡಿಸಿದಳು. 'ಪಾಸ್' ಎಂದಿದ್ದ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಗೋಡೆಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅವನು ನೀರಿನ ಲೋಟ ಮುಂದಿಟ್ಟು ಬೋರ್ಡು ಒರೆಸತೊಡಗಿದ. ಸೊನ್ನೆಯನ್ನು ಕೊನೆಗೆ ಒರೆಸಿದ.

ಐದು ಗಂಟೆಗೆ ಕೇಂದ್ರಕ್ಕೆ ಬೀಗ ಹಾಕಿ ಬಂದರೆ ಅವಳು ಬಸ್ ಸ್ಟಾಪಿನಲ್ಲಿದ್ದಳು. ಮಧ್ಯಾಹ್ನದಿಂದ ಎಷ್ಟು ಬಸ್ಸು ಬಿಟ್ಟಿದ್ದಳೋ ಏನೋ.

"ಒಂದು ವಿಷಯ ಹೇಳೋದಿತ್ತು. ಅವತ್ತು ಎಲ್ಲಿ ಎಡವ್ತಿದೀನಿ ಅಂತ ಕೇಳಿದಾಗ ನೀವು 'ಇನ್ನೂ ಓದಿ' ಅನ್ನಲಿಲ್ಲ. ಕಿವಿವರೆಗೂ ಕೆಂಪಾದ್ರಿ. ಅಂದ್ರೆ ತಪ್ಪು ನನ್ನ ತಲೇಲಿಲ್ಲ, ಬೋರ್ಡ್ ಮೇಲಿದೆ ಅಂತ ಬಸ್ಸಲ್ಲಿ ಹೊಳೀತು. ಅಂಥದ್ದೇ ಬೋರ್ಡ್ ತಂದು, ಎದುರಿಗೆ ಗಡಿಯಾರ ಇಟ್ಕೊಂಡು ಮಾಡಿದೆ. ಹನ್ನೊಂದನೇ ದಿನ ಸಿಕ್ಕಿತು. ಅವಸರ ಆದ್ರೆ ಕೈ ತಾನಾಗೇ ಒಂದು ಬರೆಯುತ್ತೆ. ನಾವು ಕೇಬಲ್ ಸಿಕ್ಕಿಸೋ ಪ್ಯಾನೆಲ್ಲು, ಪೋರ್ಟು, ಎಲ್ಲ ಒಂದರಿಂದಲೇ ತಾನೆ ಶುರು? ಒಂಬತ್ತು ವರ್ಷದ ಅಭ್ಯಾಸ."

"ನಾನು ಹೇಳದೇ ಇದ್ದದ್ದಕ್ಕೆ ಕೋಪ ಇಲ್ವಾ?"

"ಹತ್ತು ದಿನ ಇತ್ತು. ಹನ್ನೊಂದನೇ ದಿನ ಹೋಯ್ತು. ನೀವು ಹೇಳಿದ್ದಿದ್ರೆ ಜೀವನಪೂರ್ತಿ ಹೆದರ್ಕೊಂಡು ಆ ಕುರ್ಚೀಲಿ ಕೂರ್ತಿದ್ದೆ."

ಅವನು ನೆಲ ನೋಡಿದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ನಾನು ಅಷ್ಟು ಒಳ್ಳೆಯವನಲ್ಲ. ನಂಗೆ ನೀವಂದ್ರೆ ಇಷ್ಟ. ಮೊದಲನೇ ಸಲ ಬೋರ್ಡ್ ವಾಪಸ್ ಕೊಟ್ಟಾಗಿನಿಂದ. ಅದಕ್ಕೇ ಅವತ್ತು, ನೀವು ಮತ್ತೆ ಫೇಲಾದ್ರೆ ಮತ್ತೆ ಬರ್ತೀರಲ್ಲ ಅಂತ ಒಂದು ಸಲ ಅನ್ನಿಸ್ತು. ಕ್ಷಮಿಸಿ."

ಬಸ್ಸು ಬಂತು, ನಿಂತಿತು, ಇವರನ್ನು ಬಿಟ್ಟು ಹೊರಟಿತು. ಅವನಿಗೆ ತಲೆ ಎತ್ತುವ ಧೈರ್ಯವಾಗಲಿಲ್ಲ.

"ಒಂದೇ ಸಲಾನಾ?" ಅಂದಳು.

"ಒಂದೇ ಸಲ. ನಿಜವಾಗ್ಲೂ."

"ಸೊನ್ನೆಯಿಂದ ಎಣಿಸಿದ್ರಾ, ಒಂದರಿಂದ ಎಣಿಸಿದ್ರಾ?"

ಅವನು ತಲೆ ಎತ್ತಿದ. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ತುಟಿಯ ಅಂಚಿನಲ್ಲಿ ತಡೆಯಲಾರದ ನಗು ಇತ್ತು. ಮಂಡಿ ನೋಯುತ್ತಿತ್ತೋ ಏನೋ, ಆಸರೆಗೆಂದು ಅವನ ತೋಳು ಹಿಡಿದಳು. ಮುಂದಿನ ಬಸ್ಸು ಬಂದಾಗಲೂ ಬಿಡಲಿಲ್ಲ.