ಮೂರು ಮಡಿಕೆಯ ಸೀಟು

"ಅಮ್ಮಾ, ಇದು ಮಡಚ್ಕೋತಾನೇ ಇಲ್ಲ ನೋಡು!"

ಒಂದಕ್ಕೊಂದು ಸೇರಿಸಿ ಹೊಲಿದಿದ್ದ ಮೂರು ದಿಂಬುಗಳಲ್ಲಿ ಕೊನೆಯದರ ಮೇಲೆ ಬುಗುರಿ ಬೋರಲು ಬಿದ್ದು ಕೂಗಿದಳು. ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರೆ ದಿಂಬು ಮಲಗುತ್ತಿತ್ತು. ಅವಳು ಎದ್ದ ಕೂಡಲೇ ಅದೂ ಎದ್ದು ನಿಲ್ಲುತ್ತಿತ್ತು. ಹಟದಲ್ಲಿ ಅವಳಿಗೆ ಸರಿಯಾದ ಜೋಡಿ!

ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕತ್ತು ಚಾಚಿ ನೋಡಿದಳು. "ಎರಡೂ ಹೊಲಿಗೇನ ಒಂದೇ ಬದಿಗೆ ಹಾಕಿದೀಯಲ್ಲೇ! ಪೇಪರಿನ ಬೀಸಣಿಗೆ ಮಾಡ್ತೀಯಲ್ಲ, ಅದನ್ನ ಹೇಗೆ ಮಡಚ್ತೀಯಾ?"

"ಒಂದು ಸಲ ಈ ಕಡೆ, ಒಂದು ಸಲ ಆ ಕಡೆ..." ಬುಗುರಿ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದಳು. ಆಡಿಸುತ್ತಿದ್ದ ಕೈ ಅಲ್ಲೇ ನಿಂತಿತು. "ಅಯ್ಯೋ! ಹಾಗಾದ್ರೆ ಒಂದು ಹೊಲಿಗೆ ಮೇಲೆ, ಇನ್ನೊಂದು ಕೆಳಗೆ ಬರ್ಬೇಕಿತ್ತಾ?"

"ಬರ್ಬೇಕಿತ್ತು. ಬಿಚ್ಚು."

"ನೀನೇ ಬಿಚ್ಚಿ ಕೊಡಮ್ಮ, ಪ್ಲೀಸ್..."

"ಹೊಲಿದೋರು ಯಾರೋ ಅವರೇ ಬಿಚ್ಬೇಕು," ಎಂದು ಅಮ್ಮ ಮತ್ತೆ ಮಿಷನ್ ಓಡಿಸಿದಳು.

ಬುಗುರಿ ಎಂಬುದು ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರೇನಲ್ಲ. ಒಂದು ಕಡೆ ನಿಂತರೆ ಕಾಲು ಸುಡುತ್ತದೇನೋ ಎಂಬಂತೆ ಮನೆಯೆಲ್ಲ ಗಿರಗಿರ ಸುತ್ತುವ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಅಂಥವಳು ಈ ವಾರ ಶಾಲೆ ಬಿಟ್ಟು ಬಂದವಳೇ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಕೂತುಬಿಡುತ್ತಿದ್ದಳು. ಕಾರಣ ಸಣ್ಣದೇನೂ ಅಲ್ಲ. ಶನಿವಾರ ಅಜ್ಜ ಬರುವವನಿದ್ದ.

ಅಮ್ಮ ಫರ್ನಿಚರ್ ಅಂಗಡಿಗೆ ಕುಶನ್ ಹೊಲಿದುಕೊಡುತ್ತಿದ್ದಳು. ಹಾಲಿನ ತುಂಬ ಕುಶನ್, ದಿಂಬು, ಅವುಗಳ ಕವರು. ಎಲ್ಲವೂ ಊರವರ ಸೋಫಾಗಳಿಗೆ. ಇವರ ಮನೆಯಲ್ಲಿ ಸೋಫಾ ಇರಲಿಲ್ಲ. ತಂದರೂ ಇಡುವುದೆಲ್ಲಿ? ಸೋಫಾ ಒಳಗೆ ಬಂದರೆ ಬಾಗಿಲು ತೆಗೆಯಲಾಗುವುದಿಲ್ಲ, ಬಾಗಿಲು ತೆಗೆದರೆ ಮಿಷನ್ ಹಿಡಿಸುವುದಿಲ್ಲ. ಇರುವುದೇ ಒಂದು ಹಾಲು, ಒಂದು ಪುಟ್ಟ ರೂಮು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ.

ಅಜ್ಜನಿಗೆ ಮಂಡಿ ನೋವು. ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಹೋದ ಸಲ ಬಂದಾಗ ಇಡೀ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡು, ನಾಲ್ಕೇ ದಿನಕ್ಕೆ ದೊಡ್ಡಪ್ಪನ ಮನೆಗೆ ಹೊರಟುಬಿಟ್ಟಿದ್ದ. ಅಲ್ಲಿ ಮೂರು ಜನ ಉದ್ದಕ್ಕೆ ಮಲಗುವಂಥ ಸೋಫಾ ಇತ್ತು. ಈ ಸಲವೂ ದೊಡ್ಡಪ್ಪ ಮೊದಲೇ ಹೇಳಿಟ್ಟಿದ್ದ: "ಒಂದು ವಾರ ಇದ್ದು ನೋಡಲಿ. ಕೂರೋಕೆ ಏಳೋಕೆ ಕಷ್ಟ ಆದ್ರೆ ಕಾರ್ ತಂದು ಕರ್ಕೊಂಡು ಹೋಗ್ತೀನಿ."

ಬುಗುರಿಗೆ ಅಜ್ಜ ಬೇಕಿತ್ತು. ಅಪ್ಪ ಬಸ್ಸು ಓಡಿಸಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಮ್ಮನಿಗೆ ಮಿಷನ್ನಿನಿಂದ ತಲೆ ಎತ್ತಲು ಪುರುಸೊತ್ತಿಲ್ಲ. ಅಜ್ಜ ಇದ್ದ ಆ ನಾಲ್ಕು ದಿನ ಮಾತ್ರ ಅವಳು ಶಾಲೆಯಿಂದ ಓಡಿಕೊಂಡು ಬರುತ್ತಿದ್ದಳು.

ಅದಕ್ಕೇ ಈ ಪ್ಲಾನು. ಮೂರು ದಪ್ಪ ದಿಂಬು, ಬೀಸಣಿಗೆಯ ಮಡಿಕೆ. ಒಂದರ ಮೇಲೊಂದು ಮಡಚಿಟ್ಟರೆ ಹಗಲು ಅಜ್ಜನಿಗೆ ಸೀಟು. ರಾತ್ರಿ ಅಜ್ಜ ರೂಮಿನ ಮಂಚಕ್ಕೆ ಹೋದ ಮೇಲೆ ಬಿಚ್ಚಿ ಹಾಸಿದರೆ ಅವಳಿಗೆ ಹಾಸಿಗೆ. ಬೆನ್ನು ಒರಗಿಸಿಕೊಳ್ಳಲು ಒಂದು ಚೀಲದಂಥ ಕವರು. ಅದರೊಳಗೆ ಅವಳ ಹೊದಿಕೆ. ರಾತ್ರಿ ಹೊದಿಕೆ ಹೊರಗೆ, ಹಗಲು ಒಳಗೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವಳು ಕಾಲು ಇದ್ದಷ್ಟು ಹಾಸಿಗೇನೇ ಮಾಡ್ಕೋತಿದಾಳೆ," ಎಂದು ಅಪ್ಪ ನಕ್ಕಿದ್ದ.

ದಿಂಬಿಗೆ ಏನು ತುಂಬುವುದು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅಂಗಡಿಯ ಕುಶನ್ನುಗಳಿಗೆ ತುಂಬಿ ಮಿಕ್ಕಿದ್ದ ಬಿಳಿ ಫೈಬರು! ಮುಟ್ಟಿದರೆ ಮೊಲದ ಮೈ ಮುಟ್ಟಿದಂತೆ. ಅಜ್ಜನಿಗೆ ಮನೆಯಲ್ಲಿರುವುದರಲ್ಲೆಲ್ಲ ಮೆತ್ತಗಿನದೇ ಆಗಬೇಕು.

ಶುಕ್ರವಾರ ಸಂಜೆ ಎಲ್ಲ ಬಿಚ್ಚಿ, ಮತ್ತೆ ಹೊಲಿದು, ಮಡಚಿಟ್ಟಳು. ಈ ಸಲ ಮೂರೂ ದಿಂಬು ಜಾಣರಂತೆ ಒಂದರ ಮೇಲೊಂದು ಕೂತವು.

"ಕೂತು ನೋಡಿದ್ಯಾ?" ಅಮ್ಮ ಕೇಳಿದಳು.

"ನೂರು ಸಲ ಕೂತಿದೀನಿ! ಸೂಪರ್ ಆಗಿದೆ!"

ಅಮ್ಮ ಕೂತಲ್ಲಿಂದಲೇ ಅಂಗೈಯಲ್ಲಿ ಒಮ್ಮೆ ಒತ್ತಿ ನೋಡಿ, "ಚೆನ್ನಾಗಿದೆ ಕಣೇ," ಎಂದಳು. ಬುಗುರಿಯ ಮುಖ ಊರಗಲವಾಯಿತು.

ಶನಿವಾರ ಸಂಜೆ ಅಜ್ಜ ಬಂದ. ಅವನು ಡ್ರಿಲ್ ಮೇಷ್ಟ್ರಾಗಿದ್ದವನು. ಆಳೂ ಭಾರಿ, ದನಿಯೂ ಭಾರಿ. ಮೆಟ್ಟಿಲು ಹತ್ತುವಾಗ ಅಪ್ಪ ಕೈ ಚಾಚಿದರೆ, "ತೆಗಿಯೋ ಕೈ! ನಾನೇನು ಮುದುಕನಾ?" ಎಂದು ಗದರಿ, ಕಂಬಿ ಹಿಡಿದುಕೊಂಡು ತಾನೇ ಹತ್ತಿದ.

"ಅಜ್ಜಾ, ಬಾ! ಇದು ನಿಂಗೆ! ನಾನೇ ಮಾಡಿದ್ದು!"

ಅಜ್ಜ ತಿರುಗಿ ನಿಂತು, ಕೂತ. ಬುಸ್ಸ್ ಎಂದಿತು ಸೀಟು. ಅಜ್ಜ ಕೆಳಗೆ ಹೋದ. ಇನ್ನೂ ಕೆಳಗೆ ಹೋದ. ಅವನ ಎರಡೂ ಮಂಡಿ ಮೇಲೆದ್ದು ಗಲ್ಲದ ಹತ್ತಿರ ಬಂದವು. ಅಜ್ಜ ಒಮ್ಮೆ ಕಿಟಕಿಯ ಅಂಚು ನೋಡಿದ, ಒಮ್ಮೆ ಮೊಮ್ಮಗಳ ಮುಖ ನೋಡಿದ.

ಆಮೇಲೆ, "ಆಹಾ! ಬೆಣ್ಣೆ! ಬೆಣ್ಣೆ ಮೇಲೆ ಕೂತ ಹಾಗಿದೆ!" ಎಂದ.

ಬುಗುರಿ ಎರಡು ಸುತ್ತು ಗಿರ್ರನೆ ತಿರುಗಿದಳು. "ರಾತ್ರಿ ಇದೇ ಬೆಡ್ ಆಗುತ್ತೆ ಗೊತ್ತಾ? ಸ್ವಲ್ಪ ಏಳು, ತೋರಿಸ್ತೀನಿ!"

"ಆಮೇಲೆ ತೋರಿಸೀಯಂತೆ ಬಿಡು, ಪುಟ್ಟಿ. ಈಗ ತಾನೇ ಕೂತಿದೀನಿ."

ಟೀ ಅಲ್ಲಿಗೇ ಬಂತು. ಪೇಪರೂ ಅಲ್ಲಿಗೇ ಬಂತು. ಕತ್ತಲಾಗುವ ಮುಂಚೆ ಅಪ್ಪ, "ಒಂದು ರೌಂಡ್ ವಾಕಿಂಗ್ ಹೋಗೋಣ್ವಾ?" ಎಂದು ಕೇಳಿದ. ಗುಡುಗು ಸಿಡಿಲು ಬಂದರೂ ಸಂಜೆಯ ವಾಕಿಂಗ್ ತಪ್ಪಿಸದ ಅಜ್ಜ, "ಇವತ್ತು ಬೇಡಪ್ಪ," ಎಂದುಬಿಟ್ಟ.

"ಸೀಟು ಅಷ್ಟು ಚೆನ್ನಾಗಿದೆ, ಬಿಟ್ಟು ಏಳೋಕೇ ಮನಸ್ಸಿಲ್ಲ!" ಎಂದು ಬುಗುರಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಕಾಲು ನೆಲದ ಮೇಲೇ ಇರಲಿಲ್ಲ.

"ಮಾವ, ಊಟಕ್ಕೆ ಬನ್ನಿ," ಎಂದು ಅಮ್ಮ ರೂಮಿನಲ್ಲಿ ತಟ್ಟೆ ಇಡುತ್ತ ಕರೆದಳು.

"ನಂಗೆ ಹಸಿವಿಲ್ಲಮ್ಮ. ನೀವು ಶುರು ಮಾಡಿ."

ಅಜ್ಜನಿಗೆ ಹಸಿವಿಲ್ಲವೇ? ತಟ್ಟೆ ಸದ್ದಾದರೆ ಪಕ್ಕದ ಬೀದಿಯಿಂದ ಎದ್ದು ಬರುವ ಅಜ್ಜನಿಗೆ? ಬುಗುರಿ ನೀರಿನ ಚೊಂಬು ಹಿಡಿದು ಹಾಲಿಗೆ ಹೊರಟವಳು, ರೂಮಿನ ಪರದೆಯ ಸಂದಿಯಲ್ಲಿ ಕಂಡದ್ದನ್ನು ನೋಡಿ ಅಲ್ಲೇ ನಿಂತಳು.

ಅಜ್ಜ ಒಂದು ಕೈಯಲ್ಲಿ ಕಿಟಕಿಯ ಅಂಚು ಹಿಡಿದಿದ್ದ. ಇನ್ನೊಂದು ಕೈಯನ್ನು ಸೀಟಿಗೆ ಊರಿ ಮೇಲೇಳಲು ನೋಡಿದ. ಊರಿದ ಕೈಯೇ ಮೊಳಕೈವರೆಗೆ ಸೀಟಿನೊಳಗೆ ಹೂತುಹೋಯಿತು. ಮುಖ ಕೆಂಪಾಯಿತು. ಅರ್ಧ ಎದ್ದು, ಮತ್ತೆ ಬುಸ್ಸ್ ಎಂದು ಕೂತ. ಮೆಲ್ಲಗೆ ಮಂಡಿ ನೀವಿಕೊಂಡ. ಆಮೇಲೆ ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಬಿಡಿಸಿ ಹಿಡಿದ.



ಅಜ್ಜನಿಗೆ ಏಳಲು ಮನಸ್ಸಿಲ್ಲ ಎಂದಲ್ಲ. ಅಜ್ಜನಿಗೆ ಏಳಲು ಆಗುತ್ತಿಲ್ಲ! ಸಂಜೆಯಿಂದಲೂ ಆಗುತ್ತಿಲ್ಲ. ಬೆಣ್ಣೆ ಅಂದಿದ್ದು, ವಾಕಿಂಗ್ ಬೇಡ ಅಂದಿದ್ದು, ಹಸಿವಿಲ್ಲ ಅಂದಿದ್ದು ಎಲ್ಲ ಅವಳಿಗೆ ಬೇಜಾರಾಗಬಾರದು ಎಂದು. ಅವಳು ಕೂತು ನೋಡಿದ್ದು ನೂರು ಸಲವೇ ಇರಬಹುದು. ಕೂತವಳು ಮಾತ್ರ ಅವಳು! ಗಾಳಿ ಜೋರಾಗಿ ಬೀಸಿದರೆ ಹಾರಿಹೋಗುವ ಕಡ್ಡಿ.

ಅವಳ ಕಣ್ಣು ತುಂಬಿ ಬಂತು. ಓಡಿಹೋಗಿ ಕೈ ಕೊಡಲೇ? ಕೊಟ್ಟರೆ ಅಜ್ಜ ಹಿಡಿಯುವುದಿಲ್ಲ, ಅಪ್ಪನಿಗೆ ಗದರಿದ್ದು ಕೇಳಿಲ್ಲವೇ. ಹಿಡಿದರೂ ಅವನಿಗೆ ನಾಚಿಕೆಯಾಗುತ್ತದೆ.

ಬುಗುರಿ ಚೊಂಬು ಕೆಳಗಿಟ್ಟಳು. ಬಟ್ಟೆ ಗೂಟದಿಂದ ಒಂದು ಹಳೆಯ ಬೆಡ್‌ಶೀಟ್ ಎಳೆದು ಹಗ್ಗದಂತೆ ಹುರಿ ಮಾಡಿಕೊಂಡು ಹಾಲಿಗೆ ನುಗ್ಗಿದಳು.

"ಅಜ್ಜಾ! ಹಗ್ಗಜಗ್ಗಾಟ! ಧೈರ್ಯ ಇದ್ರೆ ಹಿಡ್ಕೋ!"

"ಈಗಲಾ? ಊಟದ ಹೊತ್ತಲ್ವಾ?"

"ಹೆದರಿಕೆನಾ?"

ಡ್ರಿಲ್ ಮೇಷ್ಟ್ರಿಗೆ ಹೆದರಿಕೆನಾ ಎಂದು ಕೇಳುವುದುಂಟೇ? ಅಜ್ಜ ಪೇಪರು ಬಿಸಾಕಿ ಬೆಡ್‌ಶೀಟಿನ ತುದಿ ಎರಡೂ ಕೈಗೆ ಸುತ್ತಿಕೊಂಡ. ಬುಗುರಿ ಹಲ್ಲು ಕಚ್ಚಿ ಎಳೆದಳು. ಅಜ್ಜ ಕದಲಲಿಲ್ಲ. ಅವಳೇ ಜಾರಿ ಅವನ ಪಾದದ ಹತ್ತಿರ ಬಂದು ಬಿದ್ದಳು.

"ಮೋಸ! ಅಜ್ಜ ದೊಡ್ಡೋನು! ಅಪ್ಪಾ, ನನ್ನ ಟೀಮಿಗೆ ಬಾ!"

"ಎಂಥಾ ಆಟನೇ ನಿಂದು..." ಎನ್ನುತ್ತ ಬಂದ ಅಪ್ಪ ಅಜ್ಜನ ಮಂಡಿ ಎಲ್ಲಿದೆ ಎಂದು ನೋಡಿದ. ಮಗಳ ಮುಖ ನೋಡಿದ. ಬಂದು ಬೆಡ್‌ಶೀಟ್ ಹಿಡಿದ.

"ಒನ್, ಟೂ, ತ್ರೀ!" ಎಂದು ಅಜ್ಜನೇ ಕೂಗಿದ.

ಬಸ್ಸಿನ ಸ್ಟೇರಿಂಗ್ ತಿರುಗಿಸುವ ಕೈ ಅಪ್ಪನದು. ಇಬ್ಬರೂ ಸೇರಿ ಜಗ್ಗಿದರು. ಅಜ್ಜ ಮೇಲೆ ಬಂದ, ಇನ್ನೂ ಮೇಲೆ ಬಂದ, ಬಂದು ನೆಟ್ಟಗೆ ನಿಂತ.

"ಗೆದ್ವಿ! ನಾವು ಗೆದ್ವಿ!" ಬುಗುರಿ ಕುಣಿದಳು.

"ಸೋತೆ ಮಾರಾಯ್ತಿ," ಎಂದು ಅಜ್ಜ ನಕ್ಕ. ನಕ್ಕವನೇ ಸೀದಾ ಊಟಕ್ಕೆ ನಡೆದ. ಎರಡೆರಡು ಸಲ ಬಡಿಸಿಕೊಂಡು ಉಂಡ.

ಆ ರಾತ್ರಿ ಬುಗುರಿ ತನ್ನ ಹೊಸ ಹಾಸಿಗೆ ಬಿಚ್ಚಿ ಮಲಗಿದಳು. ಅದು ಎಷ್ಟು ಮೆತ್ತಗಿತ್ತೆಂದರೆ, ಅವಳಿಗೆ ಸಿಟ್ಟೇ ಬಂತು.

ಭಾನುವಾರ ಬೆಳಿಗ್ಗೆ ಅವಳು ಅಮ್ಮನಿಗೆ ಎಲ್ಲವನ್ನೂ ಕಿವಿಯಲ್ಲಿ ಹೇಳಿದಳು. ಅಮ್ಮ ಹಣೆ ಚಚ್ಚಿಕೊಂಡಳು. "ನಾನೂ ಅಂಗೈಲಿ ಒತ್ತಿ ನೋಡಿದೆನೇ ಹೊರತು ಕೂತು ನೋಡ್ಲಿಲ್ಲ ನೋಡು! ಈಗೇನು, ಬಿಟ್ಟುಬಿಡ್ತೀಯಾ?"

"ಬಿಡ್ತೀನಾ!" ಎಂದು ಬುಗುರಿ ಅಮ್ಮನ ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದಳು.

"ಅಜ್ಜಾ, ಈ ಸ್ಟೂಲ್ ಮೇಲೆ ಕೂತ್ಕೋ. ಏಳು. ಈಗ ಮೆಟ್ಟಿಲ ಮೇಲೆ ಕೂತ್ಕೋ. ಏಳು. ಈಗ ಟ್ರಂಕ್ ಮೇಲೆ."

"ಇಷ್ಟು ವರ್ಷ ನಾನು ಮಕ್ಕಳಿಗೆ ಮಾಡಿಸಿದ ಡ್ರಿಲ್ಲನ್ನ ನನ್ನ ಕೈಲೇ ಮಾಡಿಸ್ತಿದೀಯಾ?" ಎಂದರೂ ಅಜ್ಜ ಕೂತ, ಎದ್ದ. ಮೆಟ್ಟಿಲಿನಿಂದ ಏಳುವಾಗ ಹಲ್ಲು ಕಚ್ಚಿದ. ಟ್ರಂಕಿನಿಂದ ಸಲೀಸಾಗಿ ಎದ್ದ. ಅಜ್ಜ ಕೂತ ಮೇಲೂ ಸೀಟು ಇಷ್ಟು ಎತ್ತರ ಇರಬೇಕೆಂದು ಅವಳು ಟ್ರಂಕಿನ ಎತ್ತರ ಅಳೆದಳು. ಅಜ್ಜನ ಪಾದದಿಂದ ಮಂಡಿಯವರೆಗೂ ಟೇಪು ಹಿಡಿದಳು.

ಅಜ್ಜ ಬಗ್ಗಿ ಅವಳನ್ನೇ ನೋಡಿದ. "ನಿನ್ನೆ ಆ ಹಗ್ಗಜಗ್ಗಾಟ... ಬೇಕಂತಲೇ ತಾನೇ?"

"ನಿಂಗೆ ಹಸಿವಿಲ್ಲ ಅಂದಿದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದಾಚೆಗೆ ಅಜ್ಜ ಏನನ್ನೂ ಮುಚ್ಚಿಡಲಿಲ್ಲ. ಕಟಿಂಗ್ ಮಾಡಿ ಮಿಕ್ಕ ಬಟ್ಟೆಯ ಚಿಂದಿಗೆ ಆ ಮನೆಯಲ್ಲಿ ಬರವೇ? ಫೈಬರು ತೆಗೆದು, ಚಿಂದಿ ತುಂಬಿ, ಲಟ್ಟಣಿಗೆಯ ತುದಿಯಿಂದ ಜಡಿದು ಜಡಿದು ಒತ್ತಿದರು. ಮೇಲ್ಗಡೆ ಮಾತ್ರ ಫೈಬರಿನದೊಂದು ತೆಳ್ಳನೆಯ ಪದರ.

"ಇನ್ನೂ ಇಳೀತಿದೆ, ತುಂಬು," ಎನ್ನುತ್ತಿದ್ದ ಅಜ್ಜ. ಅವಳು ತುಂಬುತ್ತಿದ್ದಳು. "ಈಗ ಎಡಗಡೆ ಉಬ್ಬಿದೆ, ತೆಗಿ." ಅವಳು ತೆಗೆಯುತ್ತಿದ್ದಳು. ಎರಡು ಸಂಜೆ ಹೀಗೇ ಹೋದವು. ಅಂಚಿನ ಹೊಲಿಗೆ ಬಿಚ್ಚಿ ಬಿಚ್ಚಿ ಅವಳ ಬೆರಳು ನೋಯುತ್ತಿತ್ತು. ಆದರೂ ಅವಳಿಗೆ ಖುಷಿಯಾಗಿತ್ತು.

"ಇಷ್ಟು ಗಟ್ಟಿಯಾದ್ರೆ ನಿಂಗೆ ಮಲಗೋಕೆ ಒತ್ತಲ್ವೇನೇ?" ಎಂದು ಅಜ್ಜ ಕೇಳಿದ.

"ನಂಗಾ? ಕ್ಲಾಸಿನ ಬೆಂಚ್ ಮೇಲೇ ನಿದ್ದೆ ಬರುತ್ತೆ!"

ಗುರುವಾರ ಬುಗುರಿ ಶಾಲೆಯಿಂದ ಬಂದಾಗ ಅಮ್ಮ ಮಿಷನ್ ಮುಂದೆ ಇದ್ದಳು. ಅಜ್ಜ ಸೀಟಿನಲ್ಲಿ ಕೂತು ಪೇಪರು ಓದುತ್ತಿದ್ದ. ಶೆಲ್ಫಿನ ಮೇಲಿದ್ದ ಅವನ ಫೋನು ರಿಂಗಾಯಿತು. ಅಜ್ಜ ಪೇಪರು ಪಕ್ಕಕ್ಕಿಟ್ಟು, ತೊಡೆಗೆ ಕೈಯೂರಿ ಎದ್ದು, ಶೆಲ್ಫಿನ ಹತ್ತಿರ ನಡೆದ.

ದೊಡ್ಡಪ್ಪನ ಫೋನು. ಬುಗುರಿ ಬ್ಯಾಗು ಇಳಿಸದೆ ನಿಂತುಬಿಟ್ಟಳು.

"ಹೂಂ... ಹೂಂ... ಬೇಡಪ್ಪ, ಕಾರ್ ಗೀರ್ ಏನೂ ತರಬೇಡ. ನಾನು ಇಲ್ಲೇ ಇರ್ತೀನಿ... ಕೂರೋಕಾ? ಕೂರೋಕೆ ಏನು ಕಷ್ಟ? ಕೂತಿದ್ದೆ, ನಿನ್ನ ಫೋನ್ ಬಂತು, ಎದ್ದು ಬಂದೆ. ಅಷ್ಟೇ."

ಫೋನಿಟ್ಟು, ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದು, ಅಜ್ಜ ವಾಪಸು ಬಂದು ಕೂತ. ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ, ಎಲ್ಲಿಯವರೆಗೆ ಓದಿದ್ದೆ ಎಂದು ಪೇಪರಿನಲ್ಲೇ ಹುಡುಕುತ್ತಿತ್ತು.

'ಸೀಟು ಹೇಗಿದೆ ಅಜ್ಜಾ?' ಎಂದು ಕೇಳಲು ಬುಗುರಿ ಬಾಯಿ ತೆರೆದಿದ್ದಳು. ಕೇಳಲಿಲ್ಲ. ಬ್ಯಾಗು ಇಳಿಸಿ, ಅಜ್ಜನ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ನುಸುಳಿ ಕೂತು, ಅವನ ಜೊತೆ ತಾನೂ ಪೇಪರು ನೋಡತೊಡಗಿದಳು.