ಮೇನ್ ತೆಗಿ

"ಕಿಟಕಿಗೆ ಟೇಪ್ ಅಂಟಿಸಿದ್ರೆ ಗಾಳಿ ಹೆದರುತ್ತಾ?"

ಏಣಿಯ ಮೇಲಿಂದ ಲೈನ್‌ಮ್ಯಾನ್ ಕೇಳಿದರು. ಬೆಳಗಿನಿಂದ ನಾನು ಗಾಜಿಗೆ ಅಡ್ಡಡ್ಡ ಅಂಟಿಸಿದ್ದ ಟೇಪಿನ ಮೇಲೆಯೇ ಪ್ಲೈವುಡ್ ಇಟ್ಟು ಮೊಳೆ ಹೊಡೆಯುತ್ತಿದ್ದರು.

"ಹೆದರಲ್ಲ ಅಂತ ನಿಮಗ್ಯಾರು ಹೇಳಿದ್ದು? ಮೊಳೆ ಬೇಕೋ ಬೇಡ್ವೋ?"

"ಕೊಡಿ ತಾಯಿ. ಅದ್ಯಾಕೆ ಕೈ ಹಾಗೆ ನಡುಗುತ್ತೆ ನಿಮ್ದು?"

ಚಂಡಮಾರುತದ ಹೆದರಿಕೆ ಎಂದೆ. ಪೂರ್ತಿ ಸುಳ್ಳೇನಲ್ಲ.

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ಅವರು. ಕಡಿದ ತಂತಿ ಜೋಡಿಸುವುದು, ಕಂಬ ಹತ್ತುವುದು ಅವರ ಕೆಲಸ. ಕೆಳಗೆ ನಾನು, ನನ್ನ ಟೈಲರಿಂಗ್, ಮತ್ತು ನನ್ನನ್ನು ಸಾಕಿದ ಸೋದರತ್ತೆ. ಅತ್ತೆಯ ಶ್ವಾಸಕೋಶ ಸೋತಿತ್ತು. ಮಂಚದ ಪಕ್ಕದ ಆಕ್ಸಿಜನ್ ಮಿಷನ್ ಗುಂಯ್ ಎನ್ನುತ್ತಿದ್ದರೆ ಮಾತ್ರ ನನಗೆ ಉಸಿರು. ಕರೆಂಟ್ ಹೋದರೆ ಅದು ನಿಲ್ಲುತ್ತದೆ. ಆಪತ್ತಿಗೆಂದು ಒಂದು ಸಣ್ಣ ಸಿಲಿಂಡರ್ ಇತ್ತು, ಒಂದು ರಾತ್ರಿಗೆ ಸಾಕಾಗುವಷ್ಟು. ರೇಡಿಯೋದವರು ವಾರಗಟ್ಟಲೆ ಕರೆಂಟ್ ಇರುವುದಿಲ್ಲ ಎನ್ನುತ್ತಿದ್ದರು.

ಡ್ರಮ್ಮು, ಬಕೆಟ್ಟು, ಕೊನೆಗೆ ಚೊಂಬಿನವರೆಗೂ ನೀರು ತುಂಬಿಸಿದೆ. ಬಾಟಲಿಗಳಲ್ಲಿ ನೀರು ತುಂಬಿ ಮಂಜುಗಟ್ಟಲು ಫ್ರೀಜರಿಗಿಟ್ಟೆ. ಟಾರ್ಚ್ ಹತ್ತುತ್ತದೋ ಎಂದು ಒತ್ತಿ ನೋಡಿದೆ. ಆರಿಸಿದೆನೋ ಇಲ್ಲವೋ ಎಂದು ಮತ್ತೆ ನೋಡಿದೆ. ಸಿಡಿಲಿಗೆ ಹೆದರಿ ಮೇನ್ ಸ್ವಿಚ್‌ನ ಹಿಡಿಯನ್ನು ಯಾವಾಗ ಕೆಳಗೆಳೆದು ಆರಿಸಬೇಕೆಂದೂ ಲೈನ್‌ಮ್ಯಾನರನ್ನು ಕೇಳಿಟ್ಟುಕೊಂಡೆ.

"ಇವಳಿಗೆ ಎಲ್ಲ ಬರುತ್ತೆ ಕಣಪ್ಪಾ," ಅತ್ತೆ ಮಲಗಿದಲ್ಲಿಂದಲೇ ಹೇಳಿದರು, "ಬಾಯಿ ತೆಗಿಯೋದೊಂದು ಬಿಟ್ಟು."

ಲೈನ್‌ಮ್ಯಾನ್ ನನ್ನತ್ತ ನೋಡಿ, ನಗು ಕಾಣದಿರಲೆಂದು ತುಟಿಯಲ್ಲಿ ಮೊಳೆ ಕಚ್ಚಿಕೊಂಡರು. ನಾನು ಚೊಂಬಿನ ನೀರನ್ನು ಇನ್ನೊಂದು ಚೊಂಬಿಗೆ ಸುರಿದೆ.

ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಎಲ್ಲರೂ ಈಗಲೇ ಬರಬೇಕಂತೆ. "ಮೂಲೆ ಬೇಕರಿಯವರು ಜನರೇಟರ್ ತರ್ತಾರೆ. ಹೊರಗೇ ಇಡಿ, ಹೊಗೆ ಒಳಗೆ ಬರಬಾರ್ದು. ಹೇಗೆ ಜೋಡಿಸೋದು ಅಂತ ಫೋನ್ ಮಾಡಿ ಹೇಳ್ತೀನಿ," ಎಂದು ಹಳದಿ ರೇನ್‌ಕೋಟ್ ಹಾಕಿಕೊಂಡರು. "ಬರ್ತೀನಿ."

ಹೋಗಬೇಡಿ ಎನ್ನಬೇಕೆಂದುಕೊಂಡೆ. "ಕೊಡೆ?" ಎಂದೆ. ಚಂಡಮಾರುತಕ್ಕೆ ಹೊರಟವರಿಗೆ ಕೊಡೆ!

ಸಂಜೆ ಗಾಳಿ ಕೂಗತೊಡಗಿತು. ಕರೆಂಟ್ ಹೋಯಿತು. ಅತ್ತೆಗೆ ಸಿಲಿಂಡರ್ ಹಾಕಿ, ಮೇನ್ ಕೆಳಗೆಳೆದೆ. ಬೇಕರಿಯವರು ಜನರೇಟರನ್ನು ಹಿತ್ತಲಿನ ಸೂರಿನಡಿ ಇಟ್ಟು, ಅದರ ವೈರನ್ನು ಕಿಟಕಿಯ ಸಂದಿಯಿಂದ ತೂರಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರು. "ಮಳೆ ನಿಂತ ಮೇಲೆ ಚಾಲು ಮಾಡಮ್ಮಾ. ಇಡೀ ಮನೆ ದೀಪ ಉರಿಯುತ್ತೆ ನೋಡು!" ಎಂದು ತಲೆ ಮೇಲೆ ಗೋಣಿ ಹಾಕಿಕೊಂಡು ಓಡಿದರು.

ಆಗ ಲೈನ್‌ಮ್ಯಾನರ ಫೋನ್ ಬಂತು. ಅರ್ಧ ಮಾತು, ಅರ್ಧ ಗಾಳಿ.

"ಎಲ್ಲಿಗೆ ಜೋಡಿಸಿದ್ರು?"

"ಗೋಡೆಗೆ."

"ಅಯ್ಯೋ! ಮೊದ್ಲು ಮೇನ್ ತೆಗಿ! ಮೇನ್ ತೆಗಿ, ಕೇಳಿಸ್ತಾ..."

ಫೋನ್ ಸತ್ತುಹೋಯಿತು.

ತೆಗಿ. ತೆಗೀರಿ ಅಲ್ಲ, ತೆಗಿ. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕತ್ತಲಲ್ಲಿ ಕೆನ್ನೆ ಬಿಸಿಯಾಯಿತು. ನಲ್ಲಿ ತೆಗೆದರೆ ನೀರು, ಬಾಗಿಲು ತೆಗೆದರೆ ಗಾಳಿ. ಹಾಗಾದರೆ ನಾನು ಮುಚ್ಚಿಟ್ಟದ್ದೇ ತಪ್ಪು. ಹಿಡಿಯನ್ನು ಮೇಲೆತ್ತಿದೆ.

ರಾತ್ರಿಯಿಡೀ ಮನೆ ಹಲ್ಲು ಕಡಿಯಿತು. ಎಲ್ಲೋ ಮರ ಮುರಿದ ಸದ್ದಾದಾಗಲೆಲ್ಲ ಅತ್ತೆ ನನ್ನ ಕೈ ಹಿಡಿದರು. ನಾನು ಹೆದರಿದ್ದು ನಮ್ಮ ಛಾವಣಿಗಲ್ಲ.

ಬೆಳಗಾದಾಗ ಗಾಳಿ ಇಳಿದಿತ್ತು. ಸಿಲಿಂಡರಿನ ಮುಳ್ಳು ಕೆಂಪಿಗೆ ತಾಗಿತ್ತು. ಜನರೇಟರ್ ಚಾಲು ಮಾಡಿದೆ. ಆಕ್ಸಿಜನ್ ಮಿಷನ್ ಗುಂಯ್ ಎಂದಿತು. ಬದುಕಿದೆವು ಎಂದುಕೊಂಡು ಬಾಗಿಲಿಗೆ ಬಂದೆ.

ಎದುರುಮನೆಯ ಜಗಲಿಯ ಬಲ್ಬ್ ಉರಿಯುತ್ತಿತ್ತು.

ಕರೆಂಟ್ ಬಂತಲ್ಲ! ಒಂದು ಗಳಿಗೆ ಖುಷಿಯಾಯಿತು. ಆಮೇಲೆ ನೋಡಿದರೆ ಬೀದಿಯ ಕೊನೆಯಲ್ಲಿ ಬಿದ್ದ ಮರ, ಕಂಬದಿಂದ ಕಡಿದು ನೇತಾಡುವ ತಂತಿ. ಆ ಮನೆಗೆ ಕರೆಂಟ್ ಬರುವ ದಾರಿಯೇ ಇಲ್ಲ. ನಮ್ಮ ಮನೆಯೊಂದನ್ನು ಬಿಟ್ಟು. ನನ್ನ ಜನರೇಟರಿನ ಕರೆಂಟ್ ಮೇನ್ ದಾಟಿ ಬೀದಿಯ ತಂತಿಗೆ ಹರಿಯುತ್ತಿತ್ತು. ಕಂಬದ ಬುಡದಲ್ಲಿ ಹಳದಿ ರೇನ್‌ಕೋಟ್ ಒಂದು ಆ ತಂತಿಯತ್ತ ನಡೆಯುತ್ತಿತ್ತು.

ಮೇಲೋ? ಕೆಳಗೋ? ಮೇನ್ ಮುಂದೆ ನಿಂತರೆ ನನ್ನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಹಿತ್ತಲಿಗೆ ಓಡಿ ಜನರೇಟರನ್ನೇ ನಿಲ್ಲಿಸಿದೆ. ಮನೆಯಲ್ಲಿ ಗುಂಯ್ ಸದ್ದು ಸತ್ತಿತು. ಸಿಲಿಂಡರಿನಲ್ಲಿ ಉಳಿದಿದ್ದ ಚೂರನ್ನು ಅತ್ತೆಗೆ ಹಾಕುವಾಗ ಅವರು ನನ್ನ ಮುಖ ನೋಡಿದರು.

"ಅವನಾ?"

"ಹೂಂ."

"ಓಡು."

ಚಪ್ಪಲಿಯಿಲ್ಲದೆ ಓಡಿದೆ. "ಮುಟ್ಟಬೇಡಿ! ಮುಟ್ಟಬೇಡಿ!" ಬಗ್ಗಿದ್ದವರು ನೆಟ್ಟಗಾದರು. "ನನ್ನ ಕರೆಂಟು, ತಂತೀಲಿ ನನ್ನ ಕರೆಂಟಿತ್ತು... ನಾನು ಮೇನ್ ತೆಗ್ದೆ, ಅಂದ್ರೆ, ಮೇಲೆತ್ತಿದೆ..."

ಅವರ ಮುಖ ಬಿಳಿಚಿತು. ನನಗಿಂತ ಮೊದಲು ಮನೆಗೆ ಓಡಿದರು. ಮೇನ್ ಕೆಳಗೆಳೆದು, ವೈರನ್ನು ಗೋಡೆಯಿಂದ ಕಿತ್ತು, ಜನರೇಟರಿನಿಂದ ಬೇರೆ ವೈರನ್ನು ನೇರ ಅತ್ತೆಯ ಮಿಷನ್ನಿಗೇ ತಂದು ಚಾಲು ಮಾಡಿದರು. ಗುಂಯ್. ಅತ್ತೆಯ ತುಟಿಗೆ ಬಣ್ಣ ಬಂತು.

"ನಮ್ಮ ಕೆಲಸದಲ್ಲಿ ತೆಗಿ ಅಂದ್ರೆ ಆರಿಸು ಅಂತ," ಎಂದರು. ಈಗ ನಡುಗುತ್ತಿದ್ದದ್ದು ಅವರ ಕೈ.

"ನಮ್ಮನೇಲಿ ತೆಗಿ ಅಂದ್ರೆ ಹರಿಯೋಕೆ ಬಿಡು ಅಂತ."

"ಎಲ್ಲದಕ್ಕೂ ಅನುಮಾನ ಪಡೋರು ನೀವು. ಇದಕ್ಕೆ ಬರ್ಲಿಲ್ವಾ?"

"ನೀವು ತೆಗಿ ಅಂದ್ರಿ," ಎಂದೆ. "ತೆಗೀರಿ ಅನ್ಲಿಲ್ಲ. ಆಮೇಲೆ ನನಗೆ ಬೇರೇನೂ ತಲೆಗೆ ಹೋಗ್ಲಿಲ್ಲ."

ಅವರು ನನ್ನನ್ನೇ ನೋಡಿದರು. ಗಡ್ಡದ ಮೇಲೆ ಮರದ ಹೊಟ್ಟು, ಕಣ್ಣಲ್ಲಿ ರಾತ್ರಿಯ ನಿದ್ದೆಗೇಡು. "ನಾನೂ ಆ ಗಾಳೀಲಿ ಅದನ್ನೇ ಯೋಚಿಸ್ತಿದ್ದೆ," ಎಂದರು ಮೆತ್ತಗೆ. "ಏಕವಚನದಲ್ಲಿ ಅಂದ್ಬಿಟ್ಟೆ, ಸಿಟ್ಟಾದ್ರೋ ಏನೋ ಅಂತ."

ಮಂಚದಿಂದ ದನಿ ಬಂತು. "ಅಂತೂ ಬಾಯಿ ತೆಗೆದಳಪ್ಪಾ."

ಬೀದಿಯಲ್ಲಿ ಲಾರಿ ಹಾರ್ನ್ ಹಾಕಿತು. ಇನ್ನೂ ಎಷ್ಟೋ ಕಂಬ ಬಿದ್ದಿದ್ದವು, ಎಷ್ಟೋ ಮನೆಯವರು ನಮ್ಮಂತೆಯೇ ಗೋಡೆಗೆ ವೈರು ಚುಚ್ಚಿರಬಹುದು. ಲೈನ್‌ಮ್ಯಾನ್ ಗ್ಲೌಸ್ ಎತ್ತಿಕೊಂಡು ಹೊಸಿಲಲ್ಲಿ ನಿಂತರು.

"ಬರ್ತೀನಿ."

"ಬಾ," ಎಂದೆ. ಬನ್ನಿ ಎನ್ನಲಿಲ್ಲ. "ಹುಷಾರಾಗಿ ಬಾ."

ಲಾರಿ ತಿರುವಿನಲ್ಲಿ ಮರೆಯಾದ ಮೇಲೂ, ಅವನ ಕೈ ಈಗ ಯಾವ ತಂತಿಯ ಮೇಲಿದೆಯೋ ಎಂದು, ಮೇನಿನ ಹಿಡಿಯನ್ನು ಕೆಳಗೆ ಒತ್ತಿ ಹಿಡಿದೇ ನಿಂತಿದ್ದೆ.