ಖಾಲಿ ಫೋಲ್ಡರಿನ ಅಡಿಯಲ್ಲಿ

2012ರ ಅಕ್ಟೋಬರ್ 26, ಶುಕ್ರವಾರ, ಬೆಳಿಗ್ಗೆ 10:20. ನಾಸಿಕದ ಅಂಬಡ್ ಠಾಣೆಗೆ ಬಂದದ್ದು ಕಳ್ಳತನದ ದೂರೇ. ಆದರೆ ಬೀಗ ಮುರಿದಿರಲಿಲ್ಲ, ಗೋಡೆಗೆ ಕನ್ನವೂ ಬಿದ್ದಿರಲಿಲ್ಲ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸರ್ವರ್‌ನಿಂದ ಮುನ್ನೂರ ಹನ್ನೆರಡು ಡ್ರಾಯಿಂಗ್‌ಗಳು ಮಾಯವಾಗಿದ್ದವು. ಡ್ರಾಯಿಂಗ್ ವಿಭಾಗದ ಕಮಲಾಕ್ಷಿಯೇ ಅವನ್ನು ಬೇರೆ ಕಂಪನಿಗೆ ಮಾರಿ ಅಳಿಸಿದ್ದಾಳೆಂದು ಮ್ಯಾನೇಜರ್ ಶಿವರಾಯನ ಗುಮಾನಿ. ಅವಳನ್ನು ಆಗಲೇ ಅಮಾನತು ಮಾಡಿದ್ದ.

ಇನ್‌ಸ್ಪೆಕ್ಟರ್ ಲಿಂಗರಾಜು ಐಟಿ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಿಸಿದರು. ಮಹಾರಾಷ್ಟ್ರದ ಕನ್ನಡ ಸೀಮೆ ಜತ್ತ ಕಡೆಯ ಮನುಷ್ಯ. ಕಂಪ್ಯೂಟರ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ, ಮುಖ ಓದುವುದರಲ್ಲಿ ಮಾತ್ರ ಎತ್ತಿದ ಕೈ. 11:45ಕ್ಕೆ ಕಮಲಾಕ್ಷಿಯ ವಿಚಾರಣೆ.

"ಎಷ್ಟು ವರ್ಷದ ನೌಕರಿ?"

"ಒಂಬತ್ತು ವರ್ಷ ಆತ್ರಿ. ಆ ಡ್ರಾಯಿಂಗ್ ಎಲ್ಲಾ ನಾನs ತೆಗ್ದದ್ದು. ನನ್ನ ಕೈಲೆ ನಾನs ಅಳಿಸ್ತೀನೇನ್ರಿ ಸಾಹೇಬ್ರ?"

"ಪಾಸ್‌ವರ್ಡ್ ಮತ್ಯಾರಿಗೆ ಗೊತ್ತು?"

"ಸರ್ವರ್ ನೋಡ್ಕೊಳ್ಳಾವಗ. ಮತ್ಯಾರಿಗೂ ಇಲ್ರಿ."

ಹೆಣ್ಣುಮಗಳು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ಅಲ್ಲೇ ಖಾತ್ರಿಯಾಯಿತು. ಆದರೆ ಖಾತ್ರಿಯನ್ನು ಕೋರ್ಟಿಗೆ ಒಯ್ಯಲಾಗುವುದಿಲ್ಲವಲ್ಲ. ಸರ್ವರ್ ನೋಡುವವನ ಹೆಸರೇನೆಂದು ಕೇಳಿದರೆ ಶಿವರಾಯ ಹಾಜರಿ ಪುಸ್ತಕ ತಿರುವಿ ಹಾಕಿದ. ಉತ್ಕರ್ಷ. ದಸರೆಗೆ ತನ್ನ ಊರು ಔರಂಗಾಬಾದಿಗೆ ಹೋಗಿದ್ದ.

ಪಂಚರ ಎದುರು ಪಂಚನಾಮೆ ಮಾಡಿ, ಸರ್ವರ್‌ಗೆ ಸೀಲು ಹಾಕಿ, ಶನಿವಾರ ಬೆಳಿಗ್ಗೆ ಜೀಪಿಗೇರಿಸಿ ಔರಂಗಾಬಾದಿಗೆ ಹೊರಟರು. ಕಾರ್ಖಾನೆಗೆ ಆ ಸರ್ವರ್ ಕಟ್ಟಿಕೊಟ್ಟ ಎಂಜಿನಿಯರ್ ಶರ್ವಾಣಿಯೂ ಔರಂಗಾಬಾದಿನವಳೇ. ಒಂದೇ ಡೀಸೆಲ್‌ನಲ್ಲಿ ಎರಡು ಕೆಲಸ ಎಂದು ಕಾನ್‌ಸ್ಟೇಬಲ್ ಲಾಲಸಾಬ ಹಿಗ್ಗಿದ.

ಶರ್ವಾಣಿ ಪಂಚರ ಮುಂದೆಯೇ ಸರ್ವರ್ ಚಾಲೂ ಮಾಡಿದಳು. ಒಂದೇ ಯಂತ್ರದೊಳಗೆ ನಾಲ್ಕು ಬೇರೆ ಬೇರೆ ಕೋಣೆಗಳಿವೆ, ಅವಕ್ಕೆ ಕಂಟೇನರ್ ಎನ್ನುತ್ತಾರೆ ಎಂದಳು. ಡ್ರಾಯಿಂಗ್ ಇದ್ದ ಕೋಣೆಯನ್ನು ತಡಕಿ ನಕ್ಕುಬಿಟ್ಟಳು.

"ಇದು ಚೋರಿ ಅಲ್ಲ ಸರ್. ಡ್ರಾಯಿಂಗ್ ಫೋಲ್ಡರ್ ಮೇಲೆ ಯಾರೋ ಹೊರಗಿನ ಖಾಲಿ ಫೋಲ್ಡರ್ ಮೌಂಟ್ ಮಾಡಿದ್ದಾರೆ. ಡಬ್ಬಿಯೊಳಗೆ ಜೋಳದ ಮೇಲೆ ಖಾಲಿ ಪಾತೇಲಿ, ಪಾತ್ರೆ, ಇಟ್ಟಂಗೆ. ಮುಚ್ಚಳ ತೆಗೆದರೆ ಪಾತೇಲಿ ಕಾಣ್ತದೆ, ಜೋಳ ಅಡಿಗೇ ಇರ್ತದೆ."

ಒಂದು ಸಾಲು ಟೈಪಿಸಿ ಆ ಮೌಂಟ್ ತೆಗೆದಳು. ಮುನ್ನೂರ ಹನ್ನೆರಡೂ ಹಾಜರ್. ಲಿಂಗರಾಜು ಅವರಿಗೆ ಸ್ವಂತ ಮನೆಯ ಒಡವೆ ಸಿಕ್ಕಷ್ಟು ಖುಷಿಯಾಯಿತು.

"ಯಾರು ಮಾಡಿದ್ದು?"

"ಕೈ ಅಚ್ಚುಕಟ್ಟು ಸರ್. ಕರೆಂಟ್ ಹೋಗಿ ಬಂದರೂ ಮತ್ತೆ ಮೌಂಟ್ ಆಗಲಿ ಅಂತ ಕಂಟೇನರ್ ಶುರುವಾಗೋ ಫೈಲಿನಲ್ಲೂ ಬರೆದಿಟ್ಟಿದ್ದಾರೆ. ಕಾರ್ಖಾನೆಯ ಸರ್ವರ್ ರೂಮಿನ ಕೀಬೋರ್ಡಿನಿಂದಲೇ ಮಾಡಿದ್ದು. ಫೈಲಿನ ಮೇಲೆ ಹೊತ್ತೂ ಇದೆ: 23ನೇ ತಾರೀಖು, ಮಧ್ಯಾಹ್ನ 12:40."

ಕಳ್ಳನಾಗಿದ್ದರೆ ಅಷ್ಟು ನೀಟಾಗಿ ಮಾಡುತ್ತಿರಲಿಲ್ಲ. ಕೆಲಸ ಕೆಡಬಾರದೆಂಬ ಅಭ್ಯಾಸವೇ ಮಾಡಿದವನ ದಿನ, ಹೊತ್ತನ್ನು ಆ ಫೈಲಿನಲ್ಲಿ ಉಳಿಸಿತ್ತು.

23 ಎಂದರೆ ಖಂಡೆನವಮಿ, ಆಯುಧಪೂಜೆ. ಕಾರ್ಖಾನೆಯಲ್ಲಿ ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ, ಚೆಂಡು ಹೂವು. ಲಾಲಸಾಬ ಫೋನ್ ಮಾಡಿ ಪೂಜೆಯ ಫೋಟೊ ತರಿಸಿದ. 12:40ರ ಫೋಟೊದಲ್ಲಿ ಕಮಲಾಕ್ಷಿ ಎಲ್ಲರ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕಾರ್ಖಾನೆಯ ನಲವತ್ಮೂರು ಜನರಲ್ಲಿ ಫೋಟೊದಲ್ಲಿ ಇಲ್ಲದವನು ಒಬ್ಬನೇ, ಉತ್ಕರ್ಷ.

ಮಧ್ಯಾಹ್ನ 3:15ಕ್ಕೆ ಉತ್ಕರ್ಷನನ್ನು ಮನೆಯಲ್ಲೇ ಬಂಧಿಸಿದರು. ಇಪ್ಪತ್ತೊಂಬತ್ತರ ಸಣಕಲು ಮನುಷ್ಯ, ಓಡಲಿಲ್ಲ. ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಂಡರು: ಆರು ವರ್ಷ ಸರ್ವರ್ ಒಂದು ದಿನವೂ ನಿಲ್ಲಲಿಲ್ಲ, ಆದ್ದರಿಂದ ನಾನಿದ್ದೇನೆಂದು ಯಾರಿಗೂ ನೆನಪಾಗಲಿಲ್ಲ. ಆ ದಿನ ಲೇಥ್ ಯಂತ್ರಕ್ಕೂ ಹೂವು ಬಿತ್ತು, ನನ್ನನ್ನು ಆರತಿಗೆ ಕರೆಯಲಿಲ್ಲ. ಸೋಮವಾರ ನಾನೇ ಹುಡುಕಿಕೊಟ್ಟು ಒಂದು ಭೇಷ್ ಅನ್ನಿಸಿಕೊಳ್ಳುವವನಿದ್ದೆ. ಕಮಲಾಕ್ಷಿ ಬಾಯಿಯವರ ನೌಕರಿಗೆ ಕುತ್ತು ಬರುತ್ತದೆಂದು ಹೊಳೆಯಲೇ ಇಲ್ಲ.

ಸೋಮವಾರ ಕಮಲಾಕ್ಷಿ ಸಹಿ ಹಾಕಲು ಠಾಣೆಗೆ ಬಂದಳು. ಅಮಾನತು ರದ್ದಾಗಿತ್ತು, ಮುಖ ಅರಳಿತ್ತು. ಉತ್ಕರ್ಷನ ಹೇಳಿಕೆಯನ್ನು ಲಿಂಗರಾಜು ಓದಿ ಹೇಳಿದರು. ಅವಳು ಹಿಡಿದಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಅವತ್ತು ಪೂಜಿ ಪೇಢೆ ಡಬ್ಬಿ ಎಲ್ಲಾರಿಗೂ ಹಂಚಿದಾಕಿ ನಾನs ರೀ," ಎಂದಳು. "ಕಡೀಕ ಒಂದು ಉಳೀತು. ಯಾರದಂತ ಕೇಳಲಿಲ್ಲ, ಮನಿಗೆ ಒಯ್ದೆ."